ಕತ್ತಲೆಯ ಹಬ್ಬಕ್ಕೆ ಕಾಗದದ ವಿಜ್ಞಾನ

ಪೀಠಿಕೆ

ಬೆಳಕಿಗೆ ಹಬ್ಬವಿರುವಂತೆ ಕತ್ತಲೆಗೂ ಹಬ್ಬವುಂಟು. ಭಾದ್ರಪದ ಮಾಸದ ಕೊನೆಯಲ್ಲಿ ಬರುವ ಮಹಾಲಯ ಅಮಾವಾಸ್ಯೆಯಂದು ಮನೆಮನೆಗಳಲ್ಲಿ ಗತಿಸಿದ ಹಿರಿಯರನ್ನು ನೆನೆದು ಎಡೆಯಿಡುತ್ತಾರೆ. ಅದಾದ ಒಂದು ತಿಂಗಳಿಗೆ ನರಕ ಚತುರ್ದಶಿ, ದೀಪಾವಳಿಯ ಅಮಾವಾಸ್ಯೆಗಳು ಬರುತ್ತವೆ. ವರ್ಷಕ್ಕೊಮ್ಮೆ ಮಾತ್ರ ತೆರೆಯುವ ಹಾಸನಾಂಬೆಯ ಗುಡಿಯ ಬಾಗಿಲು ಆಶ್ವಯುಜದ ಹುಣ್ಣಿಮೆ ಕಳೆದ ಗುರುವಾರ ತೆರೆದು, ಬಲಿಪಾಡ್ಯಮಿ ಕಳೆದ ಮೇಲೆ ಮುಚ್ಚುವುದೂ ಇದೇ ಕಾಲದಲ್ಲಿಯೇ. ಪಾಶ್ಚಾತ್ಯ ದೇಶಗಳಲ್ಲಿ ಅಕ್ಟೋಬರ್ ೩೧ರ ರಾತ್ರಿಯನ್ನು ಹ್ಯಾಲೋವೀನ್ ಎಂದು ಆಚರಿಸುತ್ತಾರೆ. ನವೆಂಬರ್ ೧ರ ಸಕಲ ಸಂತರ ದಿನದ ಮುನ್ನಾ ರಾತ್ರಿ ಅದು. ಐರ್ಲೆಂಡಿನ ಜನ ಟರ್ನಿಪ್ ಗೆಡ್ಡೆಯನ್ನು ಕೊರೆದು ಒಳಗೆ ದೀಪವಿಡುತ್ತಿದ್ದರು. ಅಮೆರಿಕೆಗೆ ಹೋಗಿ ನೆಲೆಸಿದವರು ಗೆಡ್ಡೆಯ ಬದಲಿಗೆ ಕುಂಬಳಕಾಯಿಯನ್ನು ಕೊರೆಯತೊಡಗಿದರು. ಆ ರಾತ್ರಿ ಮಕ್ಕಳು ಕಾಗದದ ಬಾವಲಿ, ಜೇಡ, ಅಸ್ಥಿಪಂಜರಗಳನ್ನು ಮಾಡಿ ಬಾಗಿಲಿಗೆ ತೂಗುಹಾಕುತ್ತಾರೆ. ೨೦೨೪ರಲ್ಲಿ ನರಕ ಚತುರ್ದಶಿಯೂ ಹ್ಯಾಲೋವೀನೂ ಒಂದೇ ದಿನ, ಅಕ್ಟೋಬರ್ ೩೧ರಂದು, ಬಂದಿದ್ದವು. ಸಾವಿರಾರು ಮೈಲಿಗಳ ಅಂತರದಲ್ಲಿರುವ ಎರಡು ಜನಸಮುದಾಯಗಳು ಹಗಲು ಕುಗ್ಗುವ ಈ ಕಾಲದಲ್ಲಿಯೇ ಕತ್ತಲೆಯನ್ನು ನೆನೆದು ದೀಪ ಹಚ್ಚುವುದು ಗಮನಾರ್ಹವಾದ ಸಂಗತಿ.

ಕತ್ತಲೆಯೆಂದರೆ ಮಕ್ಕಳಿಗೆ ಭಯ. ಅಮಾವಾಸ್ಯೆಯ ರಾತ್ರಿ ಹಿತ್ತಿಲಿಗೆ ಹೋಗಲು ಹೆದರುವ ಹುಡುಗನಿಗೆ "ಹೆದರಬೇಡ" ಎಂದು ಹೇಳಿದ ಮಾತ್ರಕ್ಕೆ ಭಯ ಹೋಗುವುದಿಲ್ಲ. ಗದರಿದರೆ ಭಯ ಹೆಚ್ಚುತ್ತದೆ. ನಕ್ಕರೆ ಅವನು ಅದನ್ನು ಒಳಗೇ ಬಚ್ಚಿಟ್ಟುಕೊಳ್ಳುತ್ತಾನೆ. ಆದರೆ ಯಾವುದಕ್ಕೆ ಹೆದರುತ್ತಾನೋ ಅದನ್ನೇ ಅವನು ತನ್ನ ಕೈಯಿಂದ ಅಳೆದು, ಕತ್ತರಿಸಿ, ಅಂಟಿಸಿ ಮಾಡಿದಾಗ ಭಯದ ಸ್ಥಾನದಲ್ಲಿ ಕುತೂಹಲ ಮೂಡುತ್ತದೆ. ಅದಕ್ಕೆ ಒಂದೇ ಒಂದು ನಿಯಮವುಂಟು. ಮಾಡಿದ ವಸ್ತು ನಿಜವಾದ ಅಳತೆಗೆ, ನಿಜವಾದ ಎಣಿಕೆಗೆ ಸರಿಯಾಗಿರಬೇಕು. ಅಂಗಡಿಯಲ್ಲಿ ಸಿಕ್ಕುವ ಅಲಂಕಾರದ ಬಾವಲಿಗೆ ಎರಡು ಚೂಪು ಕಿವಿ, ಅಂಕುಡೊಂಕಾದ ಎರಡು ರೆಕ್ಕೆಗಳಿದ್ದರೆ ಸಾಕು. ವಿದ್ಯಾರ್ಥಿ ಮಾಡುವ ಬಾವಲಿಗೆ ಬೆರಳುಗಳಿರಬೇಕು.

ಈ ದೃಷ್ಟಿಯಿಂದ ಐದಾರು ಸುಲಭವಾದ ಕಾಗದದ ಕೆಲಸಗಳನ್ನು ಇಲ್ಲಿ ವಿವರಿಸಲಾಗಿದೆ. ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು, ಹಾಸನ ಸೀಮೆಯ ವಿದ್ಯಾರ್ಥಿಗಳು ದಿನನಿತ್ಯ ಕಾಣುವ ವಸ್ತುಗಳನ್ನೇ ಉದಾಹರಣೆಗಳಾಗಿ ತೆಗೆದುಕೊಳ್ಳಲಾಗಿದೆ.

ಬೇಕಾಗುವ ಸಾಮಗ್ರಿಗಳು

ಹೊಸದಾಗಿ ಕೊಳ್ಳಬೇಕಾದುದು ಹೆಚ್ಚೇನೂ ಇಲ್ಲ. ಹಳೆಯ ಲಗ್ನಪತ್ರಿಕೆಗಳು, ಕಳೆದ ವರ್ಷದ ಕ್ಯಾಲೆಂಡರಿನ ಹಾಳೆಗಳು, ಬರೆದು ಮುಗಿದ ನೋಟ್‌ಬುಕ್ಕಿನ ರಟ್ಟು, ದಿನಪತ್ರಿಕೆ, ಗಾಳಿಪಟಕ್ಕೆ ಬಳಸುವ ತೆಳು ಕಾಗದ, ಕಡ್ಡಿಪೊರಕೆಯ ನಾಲ್ಕಾರು ಕಡ್ಡಿಗಳು, ಸೂಜಿ, ದಾರ, ಕತ್ತರಿ, ಕೈವಾರ, ಅಳತೆಪಟ್ಟಿ ಇಷ್ಟಿದ್ದರೆ ಸಾಕು. ಅಂಟಿಗೆ ಮೈದಾಹಿಟ್ಟನ್ನು ನೀರಿನಲ್ಲಿ ಕಲಸಿ ಕಾಯಿಸಿದ ಸರಿ ಉತ್ತಮ. ಅದೂ ಇಲ್ಲದಿದ್ದರೆ ಅನ್ನದ ಅಗುಳು ಸಾಲುತ್ತದೆ. ದೀಪದ ಕೆಲಸವಿರುವಲ್ಲಿ ಹಿರಿಯರೊಬ್ಬರು ಜೊತೆಯಲ್ಲಿರಬೇಕು, ಒಂದು ಬಿಂದಿಗೆ ನೀರು ಪಕ್ಕದಲ್ಲಿರಬೇಕು.

೧. ಗೋಡೆಯ ಮೇಲಿನ ಭೂತ

ರಟ್ಟಿನಲ್ಲಿ ಹತ್ತು ಸೆಂಟಿಮೀಟರ್ ಎತ್ತರದ ಒಂದು ಮನುಷ್ಯಾಕೃತಿಯನ್ನು ಕತ್ತರಿಸಿ, ಅದನ್ನು ಒಂದು ಕಡ್ಡಿಗೆ ಅಂಟಿಸಬೇಕು. ಕತ್ತಲೆಯ ಕೋಣೆಯಲ್ಲಿ ಗೋಡೆಯಿಂದ ಸರಿಯಾಗಿ ಎರಡು ಮೀಟರ್ ದೂರದಲ್ಲಿ ಒಂದು ಸಣ್ಣ ದೀಪವನ್ನೋ ಟಾರ್ಚನ್ನೋ ಇಡಬೇಕು. ಆಕೃತಿಯನ್ನು ದೀಪದಿಂದ ಒಂದು ಮೀಟರ್ ದೂರದಲ್ಲಿ ಹಿಡಿದರೆ ಗೋಡೆಯ ಮೇಲೆ ೨೦ ಸೆಂ.ಮೀ. ಎತ್ತರದ ನೆರಳು ಬೀಳುತ್ತದೆ. ೪೦ ಸೆಂ.ಮೀ. ದೂರಕ್ಕೆ ತಂದರೆ ನೆರಳು ೫೦ ಸೆಂ.ಮೀ. ಆಗುತ್ತದೆ. ೨೦ ಸೆಂ.ಮೀ. ದೂರಕ್ಕೆ ತಂದಾಗ ಪೂರಾ ಒಂದು ಮೀಟರ್ ಆಗಿ, ಸಣ್ಣ ಮಗುವಿನಷ್ಟು ಎತ್ತರಕ್ಕೆ ನಿಲ್ಲುತ್ತದೆ. ರಟ್ಟಿನ ಆಕೃತಿ ಮಾತ್ರ ಮೊದಲಿನಷ್ಟೇ ಇದೆ. ಗೋಡೆಯ ದೂರವನ್ನು ಆಕೃತಿಯ ದೂರದಿಂದ ಭಾಗಿಸಿ, ಬಂದುದನ್ನು ಆಕೃತಿಯ ಎತ್ತರದಿಂದ ಗುಣಿಸಿದರೆ ನೆರಳಿನ ಎತ್ತರ ಸಿಕ್ಕುತ್ತದೆ. ಗಣಿತದ ತರಗತಿಯಲ್ಲಿ ಸಮರೂಪ ತ್ರಿಭುಜಗಳೆಂದು ಓದುವುದು ಇದನ್ನೇ.

ಚನ್ನರಾಯಪಟ್ಟಣದ ಕಡೆಯ ತೆಂಗಿನ ತೋಟಗಳ ಅಂಚಿನಲ್ಲಿ ರಾತ್ರಿ ನಡೆಯುವವರಿಗೆ ಗೋಡೆಯ ಮೇಲೆ ಏನೋ ಕೈ ಬೀಸಿದಂತೆ ಕಾಣುವುದುಂಟು. ಬೀದಿದೀಪದಿಂದ ಎರಡು ಮೀಟರ್ ದೂರದಲ್ಲಿ ತೆಂಗಿನ ಗರಿಯೊಂದಿದೆ, ಇಪ್ಪತ್ತು ಮೀಟರ್ ದೂರದಲ್ಲಿ ಗೋಡೆಯಿದೆ ಎಂದು ಭಾವಿಸಬಹುದು. ಗಾಳಿಗೆ ಗರಿ ಒಂದು ಗೇಣು ಅಲುಗಿದರೆ ಗೋಡೆಯ ಮೇಲಿನ ನೆರಳು ಹತ್ತು ಗೇಣು ಓಡುತ್ತದೆ. ಗರಿಯ ಅಲುಗಾಟ ಕಣ್ಣಿಗೆ ಬೀಳುವುದಿಲ್ಲ, ನೆರಳಿನ ಓಟ ಮಾತ್ರ ಕಾಣುತ್ತದೆ. ಇದನ್ನು ಒಮ್ಮೆ ರಟ್ಟಿನ ಗೊಂಬೆಯಲ್ಲಿ ಮಾಡಿ ನೋಡಿದ ಹುಡುಗಿ ಮುಂದೆ ಅಂಥ ನೆರಳನ್ನು ಕಂಡಾಗ ಮೊದಲು ದೀಪವೆಲ್ಲಿದೆಯೆಂದು ಹುಡುಕುತ್ತಾಳೆ.

ಕನ್ನಡ ನಾಡಿನ ತೊಗಲುಗೊಂಬೆಯಾಟದವರು ಈ ತತ್ತ್ವವನ್ನು ಬಹುಕಾಲದಿಂದ ಬಲ್ಲರು. ಗೊಂಬೆಯನ್ನು ಪರದೆಗೆ ಒತ್ತಿ ಹಿಡಿದರೆ ಅಂಚು ಸ್ಪಷ್ಟವಾಗಿ ಕಾಣುತ್ತದೆ, ದೀಪದ ಕಡೆಗೆ ಹಿಂದೆಳೆದರೆ ಆಕೃತಿ ಹಿಗ್ಗಿ ಮಸುಕಾಗುತ್ತದೆ. ಮಸುಕಾಗಲು ಕಾರಣ ದೀಪವು ಒಂದು ಬಿಂದುವಲ್ಲದಿರುವುದು. ದೀಪದ ಒಂದು ಭಾಗದ ಬೆಳಕು ಮಾತ್ರ ತಲುಪುವ ಅಂಚಿನ ಪ್ರದೇಶವೇ ಅರೆನೆರಳು. ಅದೇ ಗೊಂಬೆಯನ್ನು ಉದ್ದವಾದ ಟ್ಯೂಬ್‌ಲೈಟಿನ ಕೆಳಗೆ ಹಿಡಿದು ಹೋಲಿಸಿದರೆ ವ್ಯತ್ಯಾಸ ತಿಳಿಯುತ್ತದೆ.

೨. ಕೈಯುಳ್ಳ ಬಾವಲಿ

ದಪ್ಪ ಕಾಗದದ ಮೇಲೆ ವಿದ್ಯಾರ್ಥಿಯು ತನ್ನ ಎಡಗೈಯನ್ನು ಬೆರಳು ಅಗಲಿಸಿ ಇಟ್ಟು, ಸುತ್ತಲೂ ಸೀಸದ ಕಡ್ಡಿಯಿಂದ ಗೆರೆ ಎಳೆಯಬೇಕು. ಬಳಿಕ ಹೆಬ್ಬೆರಳನ್ನು ಇದ್ದಷ್ಟೇ ಚಿಕ್ಕದಾಗಿ ಬಿಟ್ಟು, ಉಳಿದ ನಾಲ್ಕು ಬೆರಳುಗಳನ್ನು ಅವುಗಳ ಉದ್ದದ ಮೂರು ಪಟ್ಟಿಗೆ ಬೆಳೆಸಬೇಕು. ಬೆರಳ ತುದಿಯಿಂದ ಬೆರಳ ತುದಿಗೆ ಒಳಬಾಗಿದ ಗೆರೆಗಳನ್ನು ಎಳೆದು, ಕೊನೆಯ ಗೆರೆಯನ್ನು ಕಿರುಬೆರಳಿನಿಂದ ಹಿಂಗಾಲಿನ ಹಿಮ್ಮಡಿಯವರೆಗೆ ಒಯ್ಯಬೇಕು. ಹೆಬ್ಬೆರಳ ತುದಿಗೆ ಒಂದು ಕೊಕ್ಕೆಯುಗುರು ಬರೆಯಬೇಕು. ಈ ಆಕೃತಿಯನ್ನು ಮಡಿಸಿದ ಕಾಗದದ ಮೇಲೆ ಇಟ್ಟು ಕತ್ತರಿಸಿದರೆ ಎರಡೂ ರೆಕ್ಕೆಗಳು ಒಮ್ಮೆಗೇ ದೊರೆಯುತ್ತವೆ. ಬೆರಳುಗಳಿದ್ದಲ್ಲಿ ಪೊರಕೆಕಡ್ಡಿಗಳನ್ನು ಅಂಟಿಸಿದರೆ ರೆಕ್ಕೆ ಬಿರುಸಾಗುತ್ತದೆ. ನಡುವೆ ಪುಟ್ಟ ದೇಹ, ಎರಡು ಕಿವಿ, ಸಣ್ಣ ಹಿಂಗಾಲುಗಳನ್ನು ಸೇರಿಸಿ, ಕಾಲಿನಿಂದ ತಲೆಕೆಳಗಾಗಿ ತೂಗುಹಾಕಬೇಕು.

ಈ ಕಾಗದದ ಬಾವಲಿಯನ್ನು ಮಾಡುವಾಗ ಮಗುವಿಗೆ ತಿಳಿಯುವ ಮೊದಲ ಸತ್ಯವೆಂದರೆ ಬಾವಲಿಯ ರೆಕ್ಕೆ ಒಂದು ಕೈ. ಹಕ್ಕಿಯ ರೆಕ್ಕೆಯಲ್ಲಿ ಗರಿಗಳಿವೆ. ಬಾವಲಿಯ ರೆಕ್ಕೆಯಲ್ಲಿ ಬೆರಳುಗಳ ನಡುವೆ ಚರ್ಮ ಹರಡಿದೆ. ಅದು ಮೊಟ್ಟೆಯಿಡದೆ ಮರಿಹಾಕಿ ಹಾಲೂಡಿಸುವ ಸಸ್ತನಿ. ಪ್ರಾಣಿವರ್ಗೀಕರಣದಲ್ಲಿ ಅದರ ಗಣದ ಹೆಸರಾದ ಕೈರಾಪ್ಟೆರ ಎಂಬ ಗ್ರೀಕ್ ಮೂಲದ ಪದದ ಅರ್ಥವೂ ಕೈಯೇ ರೆಕ್ಕೆಯಾದದ್ದು ಎಂದೇ.

ಹೊಳೆನರಸೀಪುರದಂಥ ಹೇಮಾವತಿಯ ದಂಡೆಯ ಊರುಗಳ ವಿದ್ಯಾರ್ಥಿಗಳು ಹಣ್ಣಿನ ಬಾವಲಿಗಳನ್ನೂ ಹುಳು ಹಿಡಿಯುವ ಸಣ್ಣ ಬಾವಲಿಗಳನ್ನೂ ಬೇರೆಬೇರೆಯಾಗಿ ಗುರುತಿಸಲು ಕಲಿಯಬೇಕು. ದೊಡ್ಡ ಮರಗಳಲ್ಲಿ ಹಗಲೆಲ್ಲ ತೂಗಾಡುವ ಹಣ್ಣಿನ ಬಾವಲಿಯ ರೆಕ್ಕೆ ಹರಡಿದಾಗ ಒಂದು ಮೀಟರಿಗೂ ಮೀರಿದ ಅಗಲ. ಅದು ಕಣ್ಣು, ಮೂಗುಗಳ ಬಲದಿಂದ ಅತ್ತಿ, ಆಲದ ಹಣ್ಣುಗಳನ್ನು ಹುಡುಕಿ ತಿಂದು, ಬೀಜವನ್ನು ದೂರದೂರಕ್ಕೆ ಚೆಲ್ಲುತ್ತದೆ. ಸಂಜೆ ಮನೆಯಂಗಳದಲ್ಲಿ ಸುಳಿಯುವ ಸಣ್ಣ ಬಾವಲಿಗಳ ತೂಕ ಕೆಲವೇ ಗ್ರಾಮ್. ಅವು ಮನುಷ್ಯನ ಕಿವಿಗೆ ಕೇಳಿಸದ ಶ್ರವಣಾತೀತ ಶಬ್ದವನ್ನು ಹೊರಡಿಸಿ, ಅದರ ಮಾರ್ದನಿಯಿಂದ ಸೊಳ್ಳೆ, ಚಿಟ್ಟೆ, ದುಂಬಿಗಳನ್ನು ಪತ್ತೆಹಚ್ಚುತ್ತವೆ. ಇಟಲಿಯ ಸ್ಪಲಾಂಜಾನಿ ೧೭೯೦ರ ದಶಕದಲ್ಲಿಯೇ, ಬಾವಲಿ ಕಣ್ಣಿನ ನೆರವಿಲ್ಲದೆ ಹಾರಬಲ್ಲದೆಂದು ಪ್ರಯೋಗದಿಂದ ಕಂಡಿದ್ದನು. ಆ ಶಬ್ದವನ್ನು ಉಪಕರಣದ ಮೂಲಕ ಮೊದಲು ಗ್ರಹಿಸಿದವರು ಅಮೆರಿಕದ ಗ್ರಿಫಿನ್ ಮತ್ತು ಪಿಯರ್ಸ್, ೧೯೩೮ರಲ್ಲಿ.

ಬಾವಲಿಯನ್ನು ಅಪಶಕುನವೆಂದು ಹೊಡೆದು ಕೊಲ್ಲುವವರು ಇಂದಿಗೂ ಇದ್ದಾರೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಅಧಿನಿಯಮದಲ್ಲಿ ಕೂಡ ಹಣ್ಣಿನ ಬಾವಲಿಗಳು ಇಲಿ, ಕಾಗೆಗಳೊಡನೆ ಉಪದ್ರವಕಾರಿ ಪ್ರಾಣಿಗಳ ಪಟ್ಟಿಯಲ್ಲಿದ್ದವು. ೨೦೨೨ರ ತಿದ್ದುಪಡಿಯಲ್ಲಿ ಆ ಅನುಸೂಚಿಯನ್ನೇ ತೆಗೆಯಲಾಯಿತು. ಕೋಲಾರ ಜಿಲ್ಲೆಯ ಹನುಮನಹಳ್ಳಿಯ ಗವಿಯೊಂದರಲ್ಲಿ ಮಾತ್ರ ಉಳಿದಿರುವ ಕೋಲಾರ ಎಲೆಮೂಗಿನ ಬಾವಲಿಯನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ವರ್ಣಿಸಿದ್ದು ೧೯೯೪ರಲ್ಲಿ. ಪ್ರಪಂಚದಲ್ಲಿ ಅದಕ್ಕೆ ತಿಳಿದಿರುವ ಬೇರೆ ನೆಲೆಯಿಲ್ಲ. ಹಾಗೆಂದು ಬಾವಲಿಯನ್ನು ಮುಟ್ಟಿ ಮುದ್ದಿಸಬೇಕೆಂದಲ್ಲ. ಕೇರಳದಲ್ಲಿ ೨೦೧೮ರಲ್ಲಿ ಕಾಣಿಸಿಕೊಂಡ ನಿಪಾ ರೋಗದ ವೈರಾಣುವಿಗೆ ಹಣ್ಣಿನ ಬಾವಲಿಯೇ ಆಶ್ರಯ. ಬಾವಲಿ ಕಚ್ಚಿದ ಹಣ್ಣನ್ನು ತಿನ್ನಬಾರದು, ಬಿದ್ದ ಬಾವಲಿಯನ್ನು ಮುಟ್ಟಬಾರದು. ಭಯ ಬೇರೆ, ಎಚ್ಚರಿಕೆ ಬೇರೆ. ಎಚ್ಚರಿಕೆಗೆ ಕಾರಣ ಗೊತ್ತಿರುತ್ತದೆ.

೩. ಕಾಗದದ ಮೂಳೆಗಳು

ಬರೆದು ಮುಗಿದ ನೋಟ್‌ಬುಕ್ಕಿನ ಒಂದು ಹಾಳೆಯನ್ನು ಉದ್ದುದ್ದವಾಗಿ ನಿಲ್ಲಿಸಿದರೆ ಅದು ತನ್ನ ಭಾರವನ್ನೇ ತಾಳದೆ ಬಾಗುತ್ತದೆ. ಅದೇ ಹಾಳೆಯನ್ನು ಮೂರು ಸೆಂ.ಮೀ. ಅಗಲದ ಕೊಳವೆಯಾಗಿ ಸುತ್ತಿ, ಅಂಚನ್ನು ಅಂಟಿಸಿ, ಮೇಜಿನ ಮೇಲೆ ನೇರವಾಗಿ ನಿಲ್ಲಿಸಿ, ಮೇಲೆ ಮೆಲ್ಲಗೆ ಪಠ್ಯಪುಸ್ತಕಗಳನ್ನು ಒಂದೊಂದಾಗಿ ಇಡಬೇಕು. ಎಷ್ಟು ಪುಸ್ತಕಗಳನ್ನು ಹೊತ್ತಿತೆಂದು ಎಣಿಸಿ ಬರೆದಿಡಬೇಕು. ಕಾಗದ ಅದೇ, ತೂಕವೂ ಅದೇ. ಆಕಾರ ಮಾತ್ರ ಬದಲಾಗಿದೆ. ತೊಡೆಯ ಮೂಳೆ, ತೋಳಿನ ಮೂಳೆಗಳು ಕೊಳವೆಯಾಕಾರದಲ್ಲಿರುವುದರ ಗುಟ್ಟು ಇದು. ಟೊಳ್ಳಾದ ಮೂಳೆ ಹಗುರವಾಗಿದ್ದೂ ಹೇಗೆ ಗಟ್ಟಿಯಾಗಿರಬಲ್ಲದೆಂದು ಗೆಲಿಲಿಯೋ ೧೬೩೮ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಚರ್ಚಿಸಿದ್ದಾನೆ.

ಇಂಥ ಸಣ್ಣ ದೊಡ್ಡ ಕೊಳವೆಗಳನ್ನು ದಾರದಿಂದ ಪೋಣಿಸಿ ಒಂದು ಅಸ್ಥಿಪಂಜರವನ್ನು ಕಟ್ಟಬಹುದು. ವಯಸ್ಕ ಮನುಷ್ಯನಲ್ಲಿ ಸಾಮಾನ್ಯವಾಗಿ ೨೦೬ ಮೂಳೆಗಳಿವೆ. ಎಲ್ಲವನ್ನೂ ಮಾಡುವುದು ಕಷ್ಟ. ಒಂದು ತರಗತಿಯವರು ಹಂಚಿಕೊಂಡರೆ ಸಾಧ್ಯ. ಒಂದು ಕೈಯ ಅಂಗೈ, ಮಣಿಕಟ್ಟು, ಬೆರಳುಗಳಲ್ಲಿ ೨೭, ಒಂದು ಪಾದದಲ್ಲಿ ೨೬. ಎರಡು ಕೈ, ಎರಡು ಪಾದಗಳು ಸೇರಿದರೆ ೧೦೬, ಅಂದರೆ ಇಡೀ ದೇಹದ ಮೂಳೆಗಳಲ್ಲಿ ಅರ್ಧಕ್ಕಿಂತ ಹೆಚ್ಚು. ಬರೆಯುವ, ಹೆಣೆಯುವ, ನಾಟಿ ಹಾಕುವ ಕೈಗೂ ಅದನ್ನು ಹೊತ್ತು ನಡೆಯುವ ಪಾದಕ್ಕೂ ಇಷ್ಟೊಂದು ಕೀಲುಗಳು ಬೇಕಾಗಿವೆ. ಮುಂದೋಳಿನಲ್ಲಿ ಎರಡು ಕೊಳವೆಗಳನ್ನು ಅಕ್ಕಪಕ್ಕದಲ್ಲಿಟ್ಟು ಎರಡು ತುದಿಗಳಲ್ಲಿ ಸಡಿಲವಾಗಿ ಕಟ್ಟಿದರೆ ಮತ್ತೊಂದು ವಿಷಯ ಕಾಣುತ್ತದೆ. ಅಂಗೈ ಮೇಲಾದಾಗ ಅವು ಸಮಾಂತರವಾಗಿರುತ್ತವೆ, ಅಂಗೈ ಕೆಳಗಾದಾಗ ಒಂದರ ಮೇಲೊಂದು ದಾಟುತ್ತವೆ. ವಿದ್ಯಾರ್ಥಿ ತನ್ನ ಮುಂದೋಳನ್ನು ಮುಟ್ಟಿ ನೋಡಿಕೊಂಡು ಇದನ್ನು ದೃಢಪಡಿಸಿಕೊಳ್ಳಬಹುದು.

ತಲೆಬುರುಡೆಯನ್ನು ಕತ್ತರಿಸುವಾಗ ಮಕ್ಕಳು ಅದಕ್ಕೆ ನಗುವನ್ನು ಬರೆಯುತ್ತಾರೆ. ಬುರುಡೆ ನಗುವುದಿಲ್ಲ, ತುಟಿ, ಕೆನ್ನೆಗಳಿಲ್ಲದುದರಿಂದ ಹಲ್ಲಿನ ಸಾಲು ಹೊರಗೆ ಕಾಣುತ್ತದೆ, ಅಷ್ಟೆ. ಜನರನ್ನು ಹೆದರಿಸಲು ಬರೆಯುವ ಈ ಚಿತ್ರ ಪ್ರತಿಯೊಬ್ಬರ ಮುಖದ ಹಿಂದೆಯೂ ಇದೆ. ಅದು ಮಿದುಳನ್ನು ಕಾಪಾಡುವ ಪೆಟ್ಟಿಗೆ.

೪. ತಿರುಗುವ ಹಾವು ಮತ್ತು ಆಕಾಶಬುಟ್ಟಿ

ಹನ್ನೆರಡು ಸೆಂ.ಮೀ. ವ್ಯಾಸದ ಕಾಗದದ ವೃತ್ತವನ್ನು ಅಂಚಿನಿಂದ ನಡುವಿನವರೆಗೆ ಸುರುಳಿಯಾಗಿ ಕತ್ತರಿಸಿ, ನಡುವಿಗೆ ದಾರ ಕಟ್ಟಿ ಎತ್ತಿದರೆ ಸುತ್ತಿಕೊಂಡ ಹಾವಿನಂತೆ ಇಳಿಬೀಳುತ್ತದೆ. ಅದರ ಬಾಲದ ತುದಿ ಎಣ್ಣೆದೀಪದ ಕುಡಿಯಿಂದ ಒಂದು ಗೇಣಿಗೂ ಹೆಚ್ಚು ಮೇಲಿರುವಂತೆ ಹಿಡಿಯಬೇಕು. ಸ್ವಲ್ಪ ಹೊತ್ತಿನಲ್ಲಿ ಹಾವು ತಾನಾಗಿ ತಿರುಗತೊಡಗುತ್ತದೆ. ಮುಟ್ಟಿದವರಿಲ್ಲ, ಊದಿದವರಿಲ್ಲ. ಕಾದ ಗಾಳಿ ಹಿಗ್ಗಿ ಹಗುರವಾಗಿ ಮೇಲೇರುವಾಗ ಸುರುಳಿಯ ಇಳಿಜಾರಿಗೆ ತಾಗಿ ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಬಳಿಕ ದೀಪವನ್ನು ತೆಗೆದು, ಅಲ್ಲಿ ಒಂದು ಸಣ್ಣ ಎಲ್‌ಇಡಿ ಟಾರ್ಚನ್ನು ಮೇಲ್ಮುಖವಾಗಿ ಇಡಬೇಕು. ಬೆಳಕು ಹೆಚ್ಚಿದ್ದರೂ ಹಾವು ನಿಲ್ಲುತ್ತದೆ. ಅದನ್ನು ತಿರುಗಿಸಿದ್ದು ಬೆಳಕಲ್ಲ, ಶಾಖ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರದ ಸುತ್ತಮುತ್ತ, ಹೊಗೆಸೊಪ್ಪು ಬೆಳೆಯುವವರ ಮನೆಯ ಮಕ್ಕಳಿಗೆ ಈ ಪಾಠ ಹೊಸದಲ್ಲ. ಸೊಪ್ಪು ಹದಮಾಡುವ ಬ್ಯಾರನ್ನಿನಲ್ಲಿ ಹೊರಗೆ ಉರಿಸಿದ ಒಲೆಯ ಶಾಖ ಕಬ್ಬಿಣದ ಕೊಳವೆಗಳ ಮೂಲಕ ನೆಲಮಟ್ಟದಲ್ಲಿ ಹರಿಯುತ್ತದೆ. ಕಾದ ಗಾಳಿ ಅಂತಸ್ತು ಅಂತಸ್ತಾಗಿ ತೂಗುಹಾಕಿದ ಎಲೆಗಳ ನಡುವೆ ಮೇಲೇರಿ, ತೇವವನ್ನು ಹೊತ್ತು ಮೇಲಿನ ಕಿಂಡಿಯಿಂದ ಹೊರಹೋಗುತ್ತದೆ. ಕೆಳಗಿನ ಕಿಂಡಿಯಿಂದ ತಣ್ಣನೆಯ ಗಾಳಿ ಒಳಬರುತ್ತದೆ. ಬ್ಯಾರನ್ನನ್ನು ಅಂಗೈಯಗಲಕ್ಕೆ ಕುಗ್ಗಿಸಿದರೆ ಅದೇ ಆಕಾಶಬುಟ್ಟಿ.

ಆಕಾಶಬುಟ್ಟಿಯನ್ನು ಕಟ್ಟುವಾಗ ಕಡ್ಡಿಗಳ ಚೌಕಟ್ಟಿಗೆ ತೆಳು ಕಾಗದವನ್ನು ಅಂಟಿಸಿ, ತಳದಲ್ಲಿಯೂ ನೆತ್ತಿಯಲ್ಲಿಯೂ ತೆರಪು ಬಿಡುವುದು ಇದಕ್ಕೇ. ನೆತ್ತಿ ಮುಚ್ಚಿದರೆ ಬಿಸಿಗಾಳಿ ಒಳಗೇ ಸೇರಿ ಕಾಗದ ಕರಕಾಗುತ್ತದೆ. ಇಂದಿನ ದಿನಗಳಲ್ಲಿ ಕಾಗದದ ಬುಟ್ಟಿಯೊಳಗೆ ಉರಿಯುವ ದೀಪದ ಬದಲು ಸಣ್ಣ ಎಲ್‌ಇಡಿ ದೀಪವಿಡುವುದೇ ಕ್ಷೇಮ. ಬುಟ್ಟಿಯ ಮುಖಗಳಿಗೆ ಬಾವಲಿ, ಚಂದ್ರಕಲೆ, ನಕ್ಷತ್ರಪುಂಜಗಳ ಆಕೃತಿಗಳನ್ನು ಅಂಟಿಸಿದರೆ ಅವುಗಳ ನೆರಳು ಜಗಲಿಯ ಗೋಡೆಯ ಮೇಲೆ ಬೀಳುತ್ತದೆ. ಮೊದಲನೆಯ ಪಾಠದ ಲೆಕ್ಕ ಇಲ್ಲಿ ಮತ್ತೆ ಉಪಯೋಗಕ್ಕೆ ಬರುತ್ತದೆ.

೫. ಹಾಸನದವರು ಕಾಯುವ ಕತ್ತಲೆ

ಇಲ್ಲಿಯವರೆಗೆ ಹೇಳಿದ ಕತ್ತಲೆ ಮನೆಯದು, ಬೀದಿಯದು. ಇನ್ನೊಂದು ಕತ್ತಲೆ ಭೂಮಿಯಿಂದ ಬಹುದೂರದಲ್ಲಿದೆ. ಅದನ್ನು ದಿನ, ಗಂಟೆ, ನಿಮಿಷಗಳ ಲೆಕ್ಕದಲ್ಲಿ ಕಾದು ಕುಳಿತುಕೊಳ್ಳುವವರು ಹಾಸನದಲ್ಲಿದ್ದಾರೆ. ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ ಪ್ರಧಾನ ನಿಯಂತ್ರಣ ಕೇಂದ್ರವು ೧೯೮೨ರಲ್ಲಿ ಹಾಸನದಲ್ಲಿ ಸ್ಥಾಪನೆಯಾಯಿತು. ಆ ವರ್ಷದ ಏಪ್ರಿಲ್ ೧೦ರಂದು ಉಡಾವಣೆಗೊಂಡ ಇನ್ಸಾಟ್-೧ಎ ಸೆಪ್ಟೆಂಬರಿನಲ್ಲಿಯೇ ನಿಷ್ಕ್ರಿಯವಾಯಿತು. ೧೯೮೩ರ ಆಗಸ್ಟಿನಲ್ಲಿ ಮೇಲೇರಿದ ಇನ್ಸಾಟ್-೧ಬಿ ಯಶಸ್ವಿಯಾಗಿ, ದೂರದರ್ಶನ, ದೂರವಾಣಿ, ಹವಾಮಾನ ವರದಿಗಳ ಸೇವೆ ಸಲ್ಲಿಸಿತು. ಭೂಸ್ಥಿರ ಉಪಗ್ರಹಗಳು ಭೂಮಿಯ ಕೇಂದ್ರದಿಂದ ಸುಮಾರು ೪೨,೧೬೪ ಕಿಲೋಮೀಟರ್ ದೂರದಲ್ಲಿ, ಭೂಮಧ್ಯರೇಖೆಯ ನೇರದಲ್ಲಿ, ಭೂಮಿಯೊಡನೆಯೇ ಸುತ್ತುತ್ತಿರುವುದರಿಂದ ನಿಂತಂತೆ ಕಾಣುತ್ತವೆ. ಅವುಗಳಿಗೆ ವಿದ್ಯುತ್ತು ಸೂರ್ಯನ ಬೆಳಕಿನಿಂದ ದೊರೆಯುತ್ತದೆ. ಭೂಮಿಯ ನೆರಳಿನೊಳಗೆ ಹೊಕ್ಕಾಗ ಆ ಬೆಳಕು ತಪ್ಪುತ್ತದೆ. ಆಗ ಬ್ಯಾಟರಿಯೇ ಗತಿ.

ಆ ಕತ್ತಲೆ ಎಷ್ಟು ಹೊತ್ತಿನದು? ಕಾಗದದಲ್ಲಿಯೇ ಕಂಡುಹಿಡಿಯಬಹುದು. ಭೂಮಿಯ ವ್ಯಾಸ ಸುಮಾರು ೧೨,೭೪೨ ಕಿ.ಮೀ. ಅದನ್ನು ನಾಲ್ಕು ಸೆಂ.ಮೀ. ವ್ಯಾಸದ ಕಾಗದದ ಬಿಲ್ಲೆಯೆಂದು ಇಟ್ಟುಕೊಂಡರೆ ಅದೇ ಪ್ರಮಾಣದಲ್ಲಿ ಉಪಗ್ರಹದ ದೂರ ೧೩.೨ ಸೆಂ.ಮೀ. ಆಗುತ್ತದೆ. ದೊಡ್ಡ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬಿಲ್ಲೆಯನ್ನು ಅಂಟಿಸಿ, ಅದರ ನಡುವಿನಿಂದ ೧೩.೨ ಸೆಂ.ಮೀ. ತ್ರಿಜ್ಯದ ವೃತ್ತವನ್ನು ಕೈವಾರದಿಂದಲೋ ದಾರ ಕಟ್ಟಿದ ಸೀಸದ ಕಡ್ಡಿಯಿಂದಲೋ ಎಳೆಯಬೇಕು. ಸೂರ್ಯ ಬಹುದೂರದಲ್ಲಿರುವುದರಿಂದ ಅವನ ಕಿರಣಗಳನ್ನು ಸಮಾಂತರವೆಂದು ಭಾವಿಸಿ, ಬಿಲ್ಲೆಯ ಎರಡು ಅಂಚುಗಳಿಂದ ಒಂದೇ ದಿಕ್ಕಿಗೆ ಎರಡು ಸಮಾಂತರ ಗೆರೆಗಳನ್ನು ಎಳೆದರೆ, ಅವುಗಳ ನಡುವಿನ ಜಾಗವೇ ಭೂಮಿಯ ನೆರಳು. ಅಲ್ಲಿಗೆ ಕಪ್ಪು ಕಾಗದದ ಪಟ್ಟಿಯೊಂದನ್ನು ಅಂಟಿಸಬೇಕು. ಬಳಿಕ ದಾರವನ್ನು ವೃತ್ತದ ಮೇಲೆ ಸುತ್ತಿ ಅಳೆದರೆ ಪರಿಧಿ ಸುಮಾರು ೮೩ ಸೆಂ.ಮೀ., ಕಪ್ಪು ಪಟ್ಟಿಯೊಳಗಿನ ಭಾಗ ಸುಮಾರು ೪ ಸೆಂ.ಮೀ. ಬರುತ್ತದೆ.

ಇನ್ನು ತ್ರೈರಾಶಿಯ ಲೆಕ್ಕ. ೮೩ ಸೆಂ.ಮೀ. ಸುತ್ತಲು ಒಂದು ದಿನ, ಎಂದರೆ ೧,೪೪೦ ನಿಮಿಷ ಬೇಕು. ಹಾಗಾದರೆ ೪ ಸೆಂ.ಮೀ. ದಾಟಲು? ಉತ್ತರ ಸುಮಾರು ೬೯ ನಿಮಿಷ. ನಿಜವಾದ ಉಪಗ್ರಹಕ್ಕೆ ಹಿಡಿಯುವ ಅತಿ ದೀರ್ಘ ಗ್ರಹಣ, ಅರೆನೆರಳೂ ಸೇರಿ, ಸುಮಾರು ೭೨ ನಿಮಿಷ. ದಾರವೂ ಕತ್ತರಿಯೂ ಕೊಟ್ಟ ಉತ್ತರಕ್ಕೂ ನಿಜವಾದ ಸಂಖ್ಯೆಗೂ ನಡುವಿನ ಅಂತರ ಮೂರೇ ನಿಮಿಷ.

ಈ ಗ್ರಹಣ ವರ್ಷವಿಡೀ ಆಗುವುದಿಲ್ಲ. ಭೂಮಿಯ ಅಕ್ಷ ಓರೆಯಾಗಿರುವುದರಿಂದ ಬಹುಪಾಲು ದಿನ ಉಪಗ್ರಹ ನೆರಳಿನ ಮೇಲುಗಡೆಯೋ ಕೆಳಗಡೆಯೋ ದಾಟಿಹೋಗುತ್ತದೆ. ಹಗಲಿರುಳು ಸಮವಾಗುವ ಮಾರ್ಚ್ ಮತ್ತು ಸೆಪ್ಟೆಂಬರ್ ವಿಷುವಗಳ ಹಿಂದೆಮುಂದೆ ಸುಮಾರು ನಲವತ್ತೈದು ದಿನಗಳ ಕಾಲ, ನಡುರಾತ್ರಿಯ ಆಸುಪಾಸಿನಲ್ಲಿ, ಪ್ರತಿದಿನ ನೆರಳಿನೊಳಗೆ ಹೊಕ್ಕು ಹೊರಬರುತ್ತದೆ. ಆಗಸ್ಟ್ ಕೊನೆಯಿಂದ ಅಕ್ಟೋಬರ್ ಮಧ್ಯದವರೆಗಿನ ಆ ಅವಧಿಯಲ್ಲಿಯೇ ಸಾಮಾನ್ಯವಾಗಿ ಮಹಾಲಯ ಅಮಾವಾಸ್ಯೆಯೂ ಬರುತ್ತದೆ. ಊರಿನವರು ನಡುರಾತ್ರಿಗೆ ಹೆದರಿ ಬಾಗಿಲು ಹಾಕಿಕೊಳ್ಳುವ ಹೊತ್ತಿಗೆ, ಅದೇ ಊರಿನ ಅಂಚಿನ ಕೇಂದ್ರದಲ್ಲಿ ಕುಳಿತವರು ಬರಲಿರುವ ಕತ್ತಲೆಯ ವೇಳಾಪಟ್ಟಿಯನ್ನು ಮುಂದಿಟ್ಟುಕೊಂಡು, ಬ್ಯಾಟರಿಯನ್ನು ಅಣಿಮಾಡಿ, ಕೆಲಸದಲ್ಲಿ ತೊಡಗಿರುತ್ತಾರೆ.

೬. ಸೂಜಿರಂಧ್ರದ ಕಾಗದ

ಭೂಮಿಯ ನೆರಳಿನಿಂದ ಉಪಗ್ರಹಕ್ಕೆ ಗ್ರಹಣವಾಗುವಂತೆ ಚಂದ್ರನ ನೆರಳಿನಿಂದ ಭೂಮಿಗೆ ಸೂರ್ಯಗ್ರಹಣವಾಗುತ್ತದೆ. ೧೯೮೦ರ ಫೆಬ್ರುವರಿ ೧೬ರಂದು ಅಂಕೋಲ, ಹುಬ್ಬಳ್ಳಿ, ರಾಯಚೂರುಗಳ ಮೇಲೆ ಖಗ್ರಾಸ ಗ್ರಹಣದ ಪಥ ಹಾದುಹೋದಾಗ ನಾಡಿನ ಬೀದಿಗಳು ಬರಿದಾಗಿದ್ದವು. ೨೦೧೯ರ ಡಿಸೆಂಬರ್ ೨೬ರ ಬೆಳಿಗ್ಗೆ ಮಂಗಳೂರು, ಕಾಸರಗೋಡು ಸೀಮೆಯಲ್ಲಿ ಕಂಕಣ ಗ್ರಹಣವೂ ಹಾಸನದಲ್ಲಿ ಪಾರ್ಶ್ವ ಗ್ರಹಣವೂ ಕಂಡವು. ಅದೇ ಬೆಳಿಗ್ಗೆ ಕಲಬುರಗಿ ಜಿಲ್ಲೆಯಲ್ಲಿ ಅಂಗವಿಕಲ ಮಕ್ಕಳನ್ನು, ಗುಣವಾಗುತ್ತದೆಂಬ ನಂಬಿಕೆಯಿಂದ, ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ್ದ ಸುದ್ದಿಯೂ ಪತ್ರಿಕೆಗಳಲ್ಲಿ ಬಂದಿತು. ಆ ತಂದೆತಾಯಿಗಳು ಕ್ರೂರಿಗಳಲ್ಲ. ಮಗು ನಡೆಯಲೆಂದು ಹಂಬಲಿಸಿದವರು. ಆ ಹಂಬಲಕ್ಕೆ ಸರಿಯಾದ ದಾರಿ ತೋರಿಸುವವರು ಅವರ ಬಳಿಯಲ್ಲಿರಲಿಲ್ಲ. ಅಳತೆಯಿಲ್ಲದ ಭಯ, ಅಳತೆಯಿಲ್ಲದ ಆಸೆ ಎರಡೂ ಕೊನೆಗೆ ಮಗುವಿನ ಮೈಮೇಲೆಯೇ ಬೀಳುತ್ತವೆ.

ಗ್ರಹಣ ನೋಡಲು ಒಂದು ರಟ್ಟಿನ ಚೂರು ಸಾಕು. ಅದರ ನಡುವೆ ಸೂಜಿಯಿಂದ ಒಂದು ರಂಧ್ರ ಮಾಡಿ, ಸೂರ್ಯನಿಗೆ ಬೆನ್ನು ತಿರುಗಿಸಿ ನಿಂತು, ರಂಧ್ರದಿಂದ ಹಾದ ಬೆಳಕನ್ನು ಬಿಳಿ ಕಾಗದದ ಮೇಲೆ ಬೀಳಿಸಬೇಕು. ಎರಡು ಕಾಗದಗಳ ನಡುವಿನ ದೂರ ೧೦೭ ಸೆಂ.ಮೀ. ಇದ್ದರೆ ಸೂರ್ಯಬಿಂಬದ ಅಗಲ ಒಂದು ಸೆಂ.ಮೀ. ಬರುತ್ತದೆ, ಏಕೆಂದರೆ ಸೂರ್ಯನು ತನ್ನ ವ್ಯಾಸದ ಸುಮಾರು ೧೦೭ ಪಟ್ಟು ದೂರದಲ್ಲಿದ್ದಾನೆ. ರಂಧ್ರದ ಮೂಲಕ ಸೂರ್ಯನನ್ನು ನೇರವಾಗಿ ಎಂದೂ ನೋಡಕೂಡದು. ಈ ಕಾಗದವನ್ನು ಹಬ್ಬದ ಯಾವ ಹಗಲಿನಲ್ಲಾದರೂ ಪರೀಕ್ಷಿಸಿ, ಮುಂದಿನ ಗ್ರಹಣಕ್ಕೆಂದು ಎತ್ತಿಡಬಹುದು.

ಅಧ್ಯಾಪಕರ ಗಮನಕ್ಕೆ

ಈ ಕೆಲಸಗಳ ಉದ್ದೇಶ ಹಬ್ಬವನ್ನು ಹಳಿಯುವುದಲ್ಲ, ಹಿರಿಯರ ನೆನಪನ್ನು ಅಲ್ಲಗಳೆಯುವುದೂ ಅಲ್ಲ. ಎಡೆಯಿಡುವ ಮನೆಯಲ್ಲಿಯೇ ಆಕಾಶಬುಟ್ಟಿಯನ್ನೂ ಕಟ್ಟಬಹುದು. ಆದರೆ ಭಯವನ್ನು ಮಾರಾಟಕ್ಕಿಡುವವರಿಂದ ಮಕ್ಕಳನ್ನು ಕಾಪಾಡುವುದು ಶಾಲೆಯ ಹೊಣೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಡಾ. ಎಚ್. ನರಸಿಂಹಯ್ಯನವರು ೧೯೭೬ರಲ್ಲಿ ಪವಾಡಗಳನ್ನು ಪರಿಶೀಲಿಸಲು ಸಮಿತಿಯೊಂದನ್ನು ರಚಿಸಿದಾಗ ನಾಡಿನಾದ್ಯಂತ ಚರ್ಚೆ ನಡೆಯಿತು. ೧೯೮೦ರಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಕನ್ನಡದಲ್ಲಿ ವಿಜ್ಞಾನವನ್ನು ಹಳ್ಳಿಯ ಶಾಲೆಗಳಿಗೆ ಮುಟ್ಟಿಸಲು ಶ್ರಮಿಸಿತು. ಅಮಾನವೀಯ ಅನಿಷ್ಟ ಪದ್ಧತಿಗಳನ್ನೂ ವಾಮಾಚಾರವನ್ನೂ ತಡೆಯುವ ಕಾಯಿದೆಯನ್ನು ಕರ್ನಾಟಕ ೨೦೧೭ರ ಶಾಸನವಾಗಿ ಮಾಡಿಕೊಂಡಿದೆ. ಸಮಿತಿ, ಪರಿಷತ್ತು, ಕಾಯಿದೆಗಳು ತಲುಪದ ಒಂದು ಜಾಗವಿದೆ. ಅದು ದೀಪ ಆರಿದ ಮೇಲೆ ಕಂಬಳಿಯೊಳಗೆ ಕಣ್ಣುಬಿಟ್ಟು ಮಲಗಿರುವ ಮಗುವಿನ ಮನಸ್ಸು. ಅಲ್ಲಿಗೆ ಹೋಗಬಲ್ಲುದು ಆ ಮಗು ತಾನೇ ಮಾಡಿದ ವಸ್ತು ಮಾತ್ರ.

ಆದುದರಿಂದ ಅಂದವಾದ ಕೆಲಸಕ್ಕಿಂತ ಅಳತೆ ಸರಿಯಿರುವ ಕೆಲಸಕ್ಕೆ ಮೆಚ್ಚುಗೆ ಸಲ್ಲಬೇಕು. ಪ್ರತಿಯೊಂದು ವಸ್ತುವಿನೊಡನೆ ಅದರ ಅಳತೆಯನ್ನು ಬರೆದ ಚೀಟಿಯೂ ಇರಬೇಕು. ಚಿಕ್ಕ ತರಗತಿಯ ಮಕ್ಕಳನ್ನು ಹೆದರಿಸಲು ಇವನ್ನು ಬಳಸಕೂಡದು. ಬದಲಾಗಿ, ದೊಡ್ಡ ತರಗತಿಯವರು ಚಿಕ್ಕವರಿಗೆ ವಿವರಿಸಿ ಹೇಳಬೇಕು. ಮನೆಗೆ ಹೋದ ಮೇಲೆ ಅಜ್ಜಿಗೂ ತೋರಿಸಬೇಕು. ಜಗಲಿಯಲ್ಲಿ ತೂಗುತ್ತಿರುವ ಬಾವಲಿಯ ರೆಕ್ಕೆಯನ್ನು ಹಿಡಿದು, ಇದು ನನ್ನ ಕೈ ಇಟ್ಟು ಬರೆದದ್ದು ಎಂದು ಮಗು ಹೇಳಿದರೆ ಪಾಠ ಮುಗಿದಂತೆ.

ಅಭ್ಯಾಸ

೧. ದೀಪದಿಂದ ೩೦ ಸೆಂ.ಮೀ. ದೂರದಲ್ಲಿ ೧೨ ಸೆಂ.ಮೀ. ಎತ್ತರದ ಗೊಂಬೆಯಿದೆ. ಗೋಡೆ ದೀಪದಿಂದ ೩ ಮೀಟರ್ ದೂರದಲ್ಲಿದ್ದರೆ ನೆರಳಿನ ಎತ್ತರವೆಷ್ಟು?

೨. ಒಂದು ಮೀಟರ್ ಕೋಲಿನ ನೆರಳು ೮೦ ಸೆಂ.ಮೀ. ಇರುವ ಹೊತ್ತಿನಲ್ಲಿ ತೆಂಗಿನ ಮರದ ನೆರಳು ೧೨ ಮೀಟರ್ ಇದ್ದರೆ ಮರದ ಎತ್ತರವೆಷ್ಟು?

೩. ಜೇಡಕ್ಕೆ ಎಂಟು ಕಾಲುಗಳು. ಅವೆಲ್ಲವೂ ದೇಹದ ಮುಂಭಾಗಕ್ಕೆ ಸೇರಿವೆ, ಹೊಟ್ಟೆಯ ಭಾಗಕ್ಕಲ್ಲ. ಈ ನಿಯಮಕ್ಕೆ ಸರಿಯಾಗಿ ಕಾಗದದ ಜೇಡವನ್ನು ಮಾಡಿ, ಅಂಗಡಿಯಲ್ಲಿ ಸಿಕ್ಕುವ ಆಟಿಕೆಯ ಜೇಡದೊಡನೆ ಹೋಲಿಸಿ.

೪. ಒಂದೇ ಅಳತೆಯ ಹಾಳೆಗಳಿಂದ ದುಂಡು, ತ್ರಿಕೋನ, ಚೌಕ ಆಕಾರದ ಕೊಳವೆಗಳನ್ನು ಮಾಡಿ, ಯಾವುದು ಹೆಚ್ಚು ಪುಸ್ತಕಗಳನ್ನು ಹೊರುತ್ತದೆಂದು ಪರೀಕ್ಷಿಸಿ.

೫. ಭೂಮಿಯು ೪ ಸೆಂ.ಮೀ. ವ್ಯಾಸದ ಬಿಲ್ಲೆಯಾದರೆ ಚಂದ್ರನು ೧.೧ ಸೆಂ.ಮೀ. ವ್ಯಾಸದ ಬಿಲ್ಲೆ. ಅದನ್ನು ಕತ್ತರಿಸಿ, ಭೂಮಿಯ ಮೂವತ್ತು ವ್ಯಾಸಗಳಷ್ಟು ದೂರದಲ್ಲಿ ಇಡಿ. ಆ ದೂರವನ್ನು ಉಪಗ್ರಹದ ದೂರದೊಡನೆ ಹೋಲಿಸಿ.